ಶ್ರಾವಣದಲ್ಲಿ ನಾನೆಳೆದ ಗೆರೆ

ಸೇವಾ ಪುಸ್ತಕದಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು. ಅದಿಲ್ಲದೆ ಬಡ್ತಿಯ ಕಾಗದ ಮುಂದೆ ಸರಿಯುವುದಿಲ್ಲ ಎಂದು ಕಚೇರಿಯ ಗುಮಾಸ್ತರು ಮೂರು ಸಲ ಹೇಳಿದ ಮೇಲೆ, ಕಳೆದ ವಾರ ರಾಮದುರ್ಗದಿಂದ ಬಸ್ ಹಿಡಿದು ಸವದತ್ತಿಗೆ ಬಂದೆ. ಅಲ್ಲಿಂದ ಟಂಟಂ ಆಟೊ ಹತ್ತಿ, ನಾನು ಮೊದಲು ಮಾಸ್ತರನಾಗಿದ್ದ, ಹೂಲಿಯಾಚೆಯ ಆ ಊರಿಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಕೆಟ್ಟದ್ದು ಆ ಊರಲ್ಲಿ ಮಾತ್ರ ಇದೆ ಎಂದುಕೊಂಡು ಓದುವವರು ನೆಮ್ಮದಿಯಾಗಿ ಪುಟ ತಿರುವುತ್ತಾರೆ. ಅಷ್ಟು ಸುಲಭದಲ್ಲಿ ಯಾರನ್ನೂ ಬಿಡುವ ಮನಸ್ಸು ನನಗಿಲ್ಲ.

ಶಾಲೆಯ ಗೇಟು ದಾಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಬೇಯಿಸಿದ ತತ್ತಿಯ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತಾರೆ. ನನ್ನ ಬಲಗೈಯ ಎರಡು ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಮೂರು ವರ್ಷದ ಹಿಂದಿನ ಶ್ರಾವಣದಲ್ಲಿ ಮುರಿದು, ಮತ್ತೆ ಕೂಡಿದ ಬೆರಳುಗಳವು. ಮಳೆ ಬಂದರೆ ನೋಯುತ್ತವೆ.

ಆಗ ನಾನು ಬೈಲಹೊಂಗಲದ ಮನೆಯಿಂದ ದಿನಾ ಬೈಕಿನಲ್ಲಿ ಈ ಶಾಲೆಗೆ ಬರುತ್ತಿದ್ದೆ. ಲಿಂಗ ಕಟ್ಟಿದ ಮನುಷ್ಯ. ಬೆಳಿಗ್ಗೆ ಪೂಜೆಯಾಗದೆ ಬಾಯಿಗೆ ನೀರು ಹಾಕಿದವನಲ್ಲ, ಇಂದಿಗೂ ಹಾಕುವುದಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಶುರುವಾದದ್ದು ಬಿಸಿಯೂಟದಲ್ಲಿ ಮಕ್ಕಳಿಗೆ ತತ್ತಿ ಕೊಡಬೇಕೆಂಬ ಆದೇಶ ಬಂದಾಗ. ತಿನ್ನದವರಿಗೆ ಬಾಳೆಹಣ್ಣು. ಪಾಲಕರನ್ನು ಕೇಳಿ ಪಟ್ಟಿ ಮಾಡಬೇಕು, ಯಾರನ್ನೂ ಬೇರೆ ಮಾಡಬಾರದು. ಬಿಸಿಯೂಟದ ಉಸ್ತುವಾರಿ ನನ್ನದು. ‘ನನ್ನಿಂದ ಆಗುವುದಿಲ್ಲ, ಬೇರೆಯವರಿಗೆ ಕೊಡಿ’ ಎಂದಿದ್ದರೆ ನಮ್ಮ ಮುಖ್ಯ ಶಿಕ್ಷಕಿ, ಹೆಡ್‌ಬಾಯಿ ಸರೋಜಾ ಅಕ್ಕೋರು ಕೊಟ್ಟುಬಿಡುತ್ತಿದ್ದರು. ನಾನು ಅನ್ನಲಿಲ್ಲ. ನನ್ನ ಕೈಯಲ್ಲಿದ್ದರೆ ಅಲ್ಲವೇ ನನ್ನ ಮನಸ್ಸಿನಂತೆ ನಡೆಸಬಹುದು!

ನಡೆಸಿದೆ. ತತ್ತಿಯ ಟ್ರೇ ಬಂದರೆ ಅಡುಗೆ ಕೋಣೆಯ ಹೊರಗೆ ನಿಂತು, ಕಿಟಕಿಯಿಂದ ಬೆತ್ತ ಚಾಚಿ, ಗಾಳಿಯಲ್ಲೇ ಒಂದೊಂದನ್ನು ತೋರಿಸಿ ಎಣಿಸುತ್ತಿದ್ದೆ. ಮುಟ್ಟುತ್ತಿರಲಿಲ್ಲ. ವರಾಂಡದ ಕಲ್ಲುಹಾಸಿನ ನಡುವೆ ಸೀಮೆಸುಣ್ಣದಿಂದ ಉದ್ದಕ್ಕೂ ಒಂದು ಗೆರೆ ಎಳೆದೆ. ಎಡಕ್ಕೆ ಬಾಳೆಹಣ್ಣಿನವರು, ಬಲಕ್ಕೆ ತತ್ತಿಯವರು. ಗೆರೆಯ ಎರಡೂ ಬದಿಗೆ ಒಂದೊಂದು ಮೊಳ ಜಾಗ ಬಿಡಬೇಕು, ಒಂದು ತಟ್ಟೆಯ ಅಂಚು ಇನ್ನೊಂದಕ್ಕೆ ತಾಗಕೂಡದು. ಯಾವ ಮಗುವಿನ ಮಂಡಿ ಗೆರೆಯ ಕಡೆ ಸರಿದರೂ ಬೆತ್ತ ಅಲ್ಲಿರುತ್ತಿತ್ತು. ತತ್ತಿ ಎಣಿಸಿದ ಬೆತ್ತವೇ. ಅದಕ್ಕೆ ಮೈಲಿಗೆ ಇರಲಿಲ್ಲ ನೋಡಿ.

ಸರೋಜಾ ಅಕ್ಕೋರು ಮೊದಲ ದಿನವೇ ನನ್ನನ್ನು ಕೋಣೆಗೆ ಕರೆದರು.

“ಸರ, ಲಿಂಗ ನಿಮ್ಮ ಎದಿ ಮ್ಯಾಲ ಇರ್ಲಿ. ಸಾಲಿ ನೆಲದ ಮ್ಯಾಲ ಗೆರಿ ಹೊಡೀಬ್ಯಾಡ್ರಿ. ನಾನೂ ಲಿಂಗಾ ಕಟ್ಟಿದಾಕಿನ ಅದೇನಿ, ತತ್ತಿ ತಿನ್ನಂಗಿಲ್ಲ. ಆದ್ರ ಮುಂಜಾನಿ ಟ್ರೇ ಎತ್ತಿ ಒಳಗ ಇಟ್ಟಾಕಿ ನಾನ. ಕೈ ತೊಳಕೊಂಡ್ರ ಆತು.”

“ನಿಮ್ಮ ಮನಸ್ಸು ದೊಡ್ಡದ್ರಿ ಅಕ್ಕೋರ, ನಮ್ಮದು ಸಣ್ಣದು,” ಎಂದು ಚುಚ್ಚಿದೆ.

“ಸಣ್ಣದಿದ್ರ ಮನ್ಯಾಗ ಇಟ್ಟ ಬರ್ರಿ.”

ಅವರು ಗೆರೆ ಒರೆಸಿಸುತ್ತಿದ್ದರು, ನಾನು ಮತ್ತೆ ಎಳೆಯುತ್ತಿದ್ದೆ. ಶಾಲಾ ಸಮಿತಿಯ ಅಧ್ಯಕ್ಷ ಈರಣ್ಣ ನನ್ನ ಬೆನ್ನಿಗಿದ್ದ. ನೂರು ಕೂರಿಗೆ ಹೊಲದ ಒಕ್ಕಲುತನದ ಮನೆ, ಅವನ ಮಾತೆಂದರೆ ಊರಿನ ಮಾತು. ಶಾಲೆಗೆ ಬಂದಾಗಲೆಲ್ಲ ಗೆರೆ ನೋಡಿ, “ಮಾಸ್ತರಂದ್ರ ಹಿಂಗಿರಬೇಕು,” ಅನ್ನುತ್ತಿದ್ದ. ಆ ಮಾತಿಗೆ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಡುಗೆ ಮಾಡುತ್ತಿದ್ದವರು ಯಲ್ಲವ್ವ. ಅವರ ಗಂಡ ಪರಸಪ್ಪ ಸವದತ್ತಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಅವರ ಮನೆತನ ಬುದ್ಧನನ್ನು ನಂಬುವ ಮನೆತನ. ಯಲ್ಲವ್ವ ಹುಟ್ಟಿದಾಗ ಸವದತ್ತಿ ಗುಡ್ಡದ ದೇವಿಯ ಹೆಸರು ಬಂದಿತ್ತು, ಮಗಳು ಹುಟ್ಟುವ ಹೊತ್ತಿಗೆ ಬುದ್ಧನಿಗೆ ಪಾಯಸ ಉಣಿಸಿದ ಸುಜಾತಾಳ ಹೆಸರು ಬಂತು. ಸುಜಾತಾ ಏಳನೆಯ ತರಗತಿಯಲ್ಲಿದ್ದಳು. ಖೊಖೊ ಆಟದಲ್ಲಿ ಅವಳ ಬೆನ್ನು ಮುಟ್ಟಿದವರಿಲ್ಲ, ಆ ವರ್ಷ ತಾಲೂಕಿನ ತಂಡಕ್ಕೆ ಆಯ್ಕೆಯಾಗಿದ್ದಳು. ಈರಣ್ಣನ ಮಗಳು ಗಿರಿಜಾ ಅವಳ ಜೀವದ ಗೆಳತಿ. ತರಗತಿಯಲ್ಲಿ ಒಂದೇ ಬೆಂಚು, ಊಟಕ್ಕೆ ಬಂದರೆ ನಡುವೆ ನನ್ನ ಗೆರೆ.

ಶ್ರಾವಣ ಹಿಡಿದ ಮಳೆ ಬಿಡಲಿಲ್ಲ. ಹೆಸರುಕಾಳಿನ ಬೆಳೆ ಬಿಡಿಸುವ ಹೊತ್ತಿಗೆ ಕಾಯಿ ಹೊಲದಲ್ಲೇ ಕಪ್ಪಾಗಿ ಮೊಳಕೆಯೊಡೆಯುತ್ತಿತ್ತು. ಊರಿಗೆ ಊರೇ ಸಿಡಿಮಿಡಿ. ಎರಡನೆಯ ಸೋಮವಾರ ನನ್ನದು ಉಪವಾಸ. ಹೊಟ್ಟೆ ಖಾಲಿ ಇದ್ದರೆ ನನಗೆ ಭಕ್ತಿಗಿಂತ ಸಿಟ್ಟು ಹೆಚ್ಚು ಬರುತ್ತದೆ. ವರಾಂಡದಲ್ಲಿ ಬೆತ್ತ ಹಿಡಿದು ತಿರುಗುವಾಗ ಗಿರಿಜಾಳ ತುಟಿಯ ಮೇಲೆ ಹಳದಿ ಪುಡಿ ಕಂಡಿತು. ಸುಜಾತಾ ತನ್ನ ತತ್ತಿಯನ್ನು ರಿಬ್ಬನ್ನಿನ ದಾರದಿಂದ ಎರಡು ಹೋಳು ಮಾಡಿ, ಒಂದನ್ನು ಗೆರೆ ದಾಟಿಸಿದ್ದಳು.

ನಾನು ಗಿರಿಜಾಳನ್ನು ಒಂದು ಮಾತು ಕೇಳಲಿಲ್ಲ. ಸುಜಾತಾಳ ರಟ್ಟೆ ಹಿಡಿದು ಎಬ್ಬಿಸಿದೆ. ಅಂಗೈಗೆ ಹೊಡೆದೆ. ಅವಳು ಅಳಲಿಲ್ಲ, ಅದಕ್ಕೆ ಮತ್ತೆ ಹೊಡೆದೆ. ಬೆನ್ನಿಗೆ ಹೊಡೆದೆ, ಕಾಲಿಗೆ ಹೊಡೆದೆ. ಬೆತ್ತದ ತುದಿ ಸೀಳಿತು. ಸೀಳಿದ ತುದಿ ಅವಳ ಅಂಗಿಯ ತೋಳಿಗೆ ಸಿಕ್ಕು, ಎಳೆದಾಗ ಬಟ್ಟೆಯೊಂದಿಗೆ ಚರ್ಮವೂ ಹರಿಯಿತು.

“ನಾನ ಬೇಡೇನ್ರಿ ಸರ! ನಾನ ಕೊಡ ಅಂದೇನ್ರಿ!” ಗಿರಿಜಾ ನನ್ನ ಕೈಗೆ ಜೋತುಬಿದ್ದು ಕಿರುಚಿದಳು.

ಅಡುಗೆ ಕೋಣೆಯಿಂದ ಯಲ್ಲವ್ವ ಓಡಿಬಂದು ಮಗಳನ್ನು ಸೆರಗಿನೊಳಗೆ ಎಳೆದುಕೊಂಡರು. “ಸಾಕ್ರಿ ಸರ. ಅರ್ಧಾ ತತ್ತಿ ಸಲುವಾಗಿ ಸಾಯೂ ಹಂಗ ಬಡೀತಾರೇನ್ರಿ?”

“ಏ ಯಲ್ಲವ್ವ, ಒಳಗ ಹೋಗ. ನಿನ್ನ ಮಗಳಿಗೆ ಬುದ್ಧಿ ಕಲಿಸ,” ಎಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಕ್ರೂರಿಯಾಗಿ ಉಳಿಯುತ್ತಿದ್ದೆ. ನಿಲ್ಲಲಿಲ್ಲ. ಈರಣ್ಣನಿಗೆ ಫೋನು ಮಾಡಿದೆ. ಮಾಸ್ತರನಾಗಿ ಮಾಡಲಿಲ್ಲ, ಒಂದೇ ಧರ್ಮದವನಾಗಿ ಮಾಡಿದೆ. “ಶ್ರಾವಣ ಸೋಮಾರ ದಿನ ನಿಮ್ಮ ಹುಡುಗಿ ಬಾಯಾಗ ತತ್ತಿ ಬಿದ್ದೈತಿ, ಈರಣ್ಣಾ,” ಎಂದೆ.

ಮರುದಿನವೂ ತತ್ತಿಯ ದಿನ. ನಡುಮಧ್ಯಾಹ್ನ ನಾಲ್ಕು ಬೈಕುಗಳು ಕೆಸರು ಹಾರಿಸುತ್ತ ಒಳಗೆ ಬಂದವು. ಈರಣ್ಣ ಇಳಿದವನೇ ಸಾಲಿನಲ್ಲಿ ಕುಳಿತಿದ್ದ ಮಗಳ ಜಡೆ ಹಿಡಿದು ನಲ್ಲಿಯವರೆಗೆ ಎಳೆದ. ಬಾಯಿ ಮುಕ್ಕಳಿಸು ಎಂದ. ಮುಕ್ಕಳಿಸಿದಳು. ಮತ್ತೆ ಎಂದ. ಅವಳ ಕೆನ್ನೆಗೆ ಎಷ್ಟು ಹೊಡೆದನೆಂದರೆ, ಉಗುಳಿದ ನೀರು ಕೆಂಪಾಗಿ ಬಂತು. ಅವನ ಜೊತೆಯವರು ಟ್ರೇಗಳನ್ನು ಹೊರಗೆ ತಂದು ತತ್ತಿಗಳನ್ನು ಗೋಡೆಗೆ ಒಗೆಯತೊಡಗಿದರು. ಗೋಡೆಯ ಮೇಲೆ ಮಗ್ಗಿ ಬರೆದಿತ್ತು. ಹಸಿ ತತ್ತಿ ಅದರ ಮೇಲಿಂದ ಜೊಲ್ಲಿನಂತೆ ಇಳಿಯಿತು. ಸಣ್ಣ ಮಕ್ಕಳು ತಟ್ಟೆ ಬಿಟ್ಟು ಚೀರುತ್ತ ಮೂಲೆ ಸೇರಿದರು. ಅಡ್ಡ ಬಂದ ಸರೋಜಾ ಅಕ್ಕೋರಿಗೆ ಯಾರದೋ ಮೊಳಕೈ ತಾಗಿ, ಕನ್ನಡಕದ ಗಾಜು ಒಡೆದು ಹುಬ್ಬಿನೊಳಗೆ ಹೊಕ್ಕಿತು.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಈರಣ್ಣ ನನ್ನ ಕಡೆ ತಿರುಗಿ, “ನೀವು ಸುಮ್ನ ನಿಂದರ್ರಿ ಸರ. ನಿಮ್ಮ ಧರ್ಮಾ ನಾವು ಕಾಯ್ತೇವಿ,” ಎಂದು ಅಡುಗೆ ಕೋಣೆಗೆ ನುಗ್ಗಿದ.

ಒಲೆಯ ಮೇಲೆ ದೊಡ್ಡ ಪಾತೇಲಿ. ತತ್ತಿ ಕುದಿಯುತ್ತಿದ್ದವು. ಯಲ್ಲವ್ವ ಒಲೆಗೆ ಅಡ್ಡ ನಿಂತರು. “ಕುದಿಯೂ ನೀರ ಐತ್ರಿ ಈರಣ್ಣಾರ. ಹುಡುಗ್ರು ಅದಾವ್ರಿ. ಹಿಂದ ಸರೀರಿ.”

ತಾಯಿಯನ್ನು ಹೊರಗೆ ಎಳೆದುಕೊಳ್ಳಲೆಂದು ಸುಜಾತಾ ಒಳಗೆ ಓಡಿದ್ದನ್ನು ನಾನು ಕಂಡೆ. ಈರಣ್ಣ ಯಲ್ಲವ್ವನನ್ನು ಬದಿಗೆ ತಳ್ಳಿ ಪಾತೇಲಿಗೆ ಝಾಡಿಸಿ ಒದ್ದದ್ದನ್ನೂ ಕಂಡೆ. ಬಾಗಿಲಲ್ಲಿ ಅಡ್ಡ ಯಾರೂ ಇರಲಿಲ್ಲ, ನನ್ನ ಕಣ್ಣಿಗೆ ಎಲ್ಲ ಚೊಕ್ಕ ಕಂಡಿತು. ಆ ನೀರೆಲ್ಲ ಸುಜಾತಾಳ ಎರಡೂ ಕಾಲಿನ ಮೇಲೆ ಹೋಯಿತು. ಸರಕಾರ ಕೊಟ್ಟ ಬೂಟು, ಕಾಲುಚೀಲ ಹಾಕಿಕೊಂಡಿದ್ದಳು. ಕಾಲುಚೀಲ ಬಿಸಿನೀರು ಕುಡಿದು ಹಿಡಿದುಕೊಂಡಿತು. ಅದನ್ನು ಯಲ್ಲವ್ವ ಎಳೆದು ತೆಗೆದಾಗ ಚರ್ಮವೂ ಅದರ ಜೊತೆಗೇ ಬಂತು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ.

ಬೈಕಿನವರು ಹೋದರು. ಸುಜಾತಾ ನೆಲದ ಮೇಲೆ, ಒಡೆದ ತತ್ತಿಗಳ ನಡುವೆ ಹೊರಳುತ್ತಿದ್ದಳು. ಎತ್ತಬೇಕೆಂದು ನನ್ನ ಕೈಗಳು ಮುಂದೆ ಹೋದವು. ಹೋಗಿ ನಿಂತವು. ನೆಲದ ತುಂಬ ತತ್ತಿ, ಅವಳ ಮೈತುಂಬ ತತ್ತಿ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತೆ, ಅಷ್ಟೇ. ಅಷ್ಟರಲ್ಲಿ ಹುಬ್ಬಿನಿಂದ ರಕ್ತ ಸುರಿಯುತ್ತಿದ್ದ ಸರೋಜಾ ಅಕ್ಕೋರು ನನ್ನನ್ನು ದೂಡಿ, ಅವಳನ್ನು ಎತ್ತಿಕೊಂಡು ರಸ್ತೆಗೆ ಓಡಿದರು. ನಾನು ಎತ್ತಲಿಲ್ಲ. ಈ ಬರಹದಲ್ಲಿ ನಾನು ಹೇಳಬೇಕಾದ್ದು ಇದೊಂದೇ ಎಂದರೂ ನಡೆದೀತು.

ಸಂಜೆಗೆ ಈರಣ್ಣನ ಫೋನು. “ಪಾತೇಲಿ ಯಲ್ಲವ್ವನ ಕೈ ಜಾರಿ ಬಿತ್ತು. ಅಷ್ಟ ಬರೀರಿ ಸರ. ನಿಮ್ಮ ಸಲುವಾಗಿ ನಾ ಮಾಡೇನಿ, ನನ್ನ ಸಲುವಾಗಿ ನೀವು ಇಷ್ಟ ಮಾಡ್ರಿ.”

ಪೊಲೀಸರ ಮುಂದೆ ಹಾಗೆಯೇ ಹೇಳಿದೆ, ಸಹಿ ಮಾಡಿದೆ. ಸರೋಜಾ ಅಕ್ಕೋರು ಹೊರಗೆ ವರಾಂಡದಲ್ಲಿದ್ದರು, ಒದ್ದದ್ದನ್ನು ಅವರು ಕಂಡಿರಲಿಲ್ಲ. ಯಲ್ಲವ್ವನ ಮಾತನ್ನು, ಮಕ್ಕಳ ಮಾತನ್ನು ಊರು ನುಂಗಿತು. ಉಳಿದ ಕಣ್ಣು ನನ್ನದೊಂದೇ. ಬೇಜವಾಬ್ದಾರಿ ಎಂದು ಬರೆದು ಸಮಿತಿ ಯಲ್ಲವ್ವನನ್ನು ಕೆಲಸದಿಂದ ತೆಗೆಯಿತು. ಗಿರಿಜಾಳ ಹೆಸರನ್ನು ಶಾಲೆಯಿಂದ ಕಡಿಸಿ, ಕಿತ್ತೂರಿನ ಕಡೆ ಅವಳ ಸೋದರಮಾವನ ಊರಿಗೆ ಕಳಿಸಿದರು.

ಆಸ್ಪತ್ರೆಯಿಂದ ನೆಟ್ಟಗೆ ಶಾಲೆಗೆ ಬಂದಿದ್ದ ಪರಸಪ್ಪ ನನ್ನ ಮೇಜಿನ ಮುಂದೆ ನಿಂತು, “ಸರ, ನೀವು ಕಣ್ಣಾರೆ ಕಂಡೀರಿ. ಕಂಡದ್ದನ್ನ ಹೇಳ್ರಿ. ನಮಗ ಬ್ಯಾರೆ ಏನೂ ಬ್ಯಾಡ,” ಎಂದರು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಸರೋಜಾ ಅಕ್ಕೋರು ಗಲಾಟೆಯಾದ ದಿನವೇ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದವರು, ಕೊಡ ನೀರು ತರಿಸಿ ಕಸಬರಿಗೆಯಿಂದ ಗೆರೆಯನ್ನು ತಾವೇ ತಿಕ್ಕಿ ತೊಳೆದಿದ್ದರು. ಮತ್ತೆ ಎಳೆಯುವ ಧೈರ್ಯ ನನಗಾಗಲಿಲ್ಲ. ಆದರೆ ಮಕ್ಕಳು ಹಾಗೆಯೇ ಕೂಡುತ್ತಿದ್ದರು. ಎಡದವರು ಎಡಕ್ಕೆ, ಬಲದವರು ಬಲಕ್ಕೆ, ನಡುವೆ ಎರಡು ಮೊಳ ಖಾಲಿ.

ಶ್ರಾವಣ ಮುಗಿಯುವ ಹೊತ್ತಿಗೆ ಸುಜಾತಾ ಬಂದಳು. ಮೊಣಕಾಲಿನ ತನಕ ಬಿಳಿ ಬಟ್ಟೆ ಸುತ್ತಿತ್ತು, ಅಪ್ಪನ ದೊಡ್ಡ ಚಪ್ಪಲಿ. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ವರಾಂಡಕ್ಕೆ ಬಂದು, ಕೈಯಲ್ಲಿ ತಟ್ಟೆ ಹಿಡಿದು ನೆಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಸರ, ಗೆರಿ ಎಲ್ಲಿ ಹೋತ್ರಿ? ನಾ ಈಗ ಎಲ್ಲಿ ಕುಂದ್ರಲಿ?”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತಿಳಿಯದೆ ಕೇಳಿದಳು, ಮತ್ತೆ ಹೊಡೆತ ಬೀಳಬಾರದೆಂದು ಕೇಳಿದಳು. ನಾನು ಮೋರೆ ತಿರುಗಿಸಿಕೊಂಡು ಶೌಚಾಲಯದ ಹಿಂದೆ ಹೋಗಿ, ಬಾಯಿಗೆ ಕರವಸ್ತ್ರ ತುರುಕಿಕೊಂಡು ಅತ್ತೆ.

ಮರುದಿನ ಸವದತ್ತಿಗೆ ಹೋಗಿ ಹೇಳಿಕೆ ಬದಲಿಸಿದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ಎತ್ತಿ, “ಅಂದ್ರ ಮೊದಲ ಹೇಳಿದ್ದು ಸುಳ್ಳೇನ್ರಿ ಮಾಸ್ತರ?” ಎಂದರು.

“ಸುಳ್ಳರಿ. ಒದ್ದಾವ ಈರಣ್ಣ. ಗೆರಿ ಹೊಡದಾವ ನಾನು. ಫೋನ್ ಮಾಡಿ ಅವನ್ನ ಕರಿಸಿದಾವನೂ ನಾನ. ಮೂರೂ ಬರಕೋರಿ.”

ಮೂರನೆಯ ದಿನ ಬೆಳಿಗ್ಗೆ ಹಳ್ಳದ ದಂಡೆಯ ರಸ್ತೆಯಲ್ಲಿ ಅದೇ ಬೈಕುಗಳು ನನಗೆ ಅಡ್ಡ ನಿಂತವು. ಮಾತಿಲ್ಲ ಕತೆಯಿಲ್ಲ. ಮೊದಲ ಬಡಿಗೆ ಮೊಣಕಾಲಿಗೆ ಬಿತ್ತು. ಎರೆಮಣ್ಣಿನ ಹೊಲದ ಕೆಸರಿಗೆ ಬಿದ್ದೆ. ಬೂಟುಗಾಲು ಪಕ್ಕೆಗೆ ಬಿದ್ದಾಗ ಒಳಗೆ ಏನೋ ಲಟಕ್ಕೆಂದದ್ದು ಕಿವಿಗೆ ಕೇಳಿಸಿತು. ತಲೆ ಮುಚ್ಚಿಕೊಂಡ ಕೈಯ ಮೇಲೆ ಬಡಿಗೆ ಬಿದ್ದು ಎರಡು ಬೆರಳು ಹಿಂದಕ್ಕೆ ಮಡಚಿದವು. ಈರಣ್ಣ ಕೊರಳಪಟ್ಟಿ ಹಿಡಿದು ಎತ್ತಿ, “ನಮ್ಮಾವ ಆಗಿ ನಮ್ಮ ಕುತ್ತಿಗಿ ಕೊಯ್ದೆಲ್ಲೋ!” ಎಂದು ಜಗ್ಗಿದಾಗ ಅಂಗಿಯ ಜೊತೆ ನನ್ನ ಶಿವದಾರವೂ ಹರಿಯಿತು. ಲಿಂಗದ ಕರಡಿಗೆ ಕೆಸರಿಗೆ ಬಿತ್ತು.

ಎಲ್ಲರೂ ಒಮ್ಮೆಲೇ ನಿಂತರು. ಈರಣ್ಣ ಬಗ್ಗಿ ಕರಡಿಗೆ ಎತ್ತಿಕೊಂಡ. ತನ್ನ ಅಂಗಿಯ ತುದಿಯಿಂದ ಕೆಸರು ಒರೆಸಿದ, ಕಣ್ಣಿಗೊತ್ತಿಕೊಂಡ, ಭಕ್ತಿಯಿಂದ ನನ್ನ ಎಡಗೈಯಲ್ಲಿ ಇಟ್ಟು ಬೆರಳು ಮುಚ್ಚಿದ. ಆಮೇಲೆ ಮತ್ತೆ ಒದ್ದ.

ಆ ಒದೆತ ಬೀಳುವಾಗ ನನಗೆ ನಗು ಬಂತು ಎಂದರೆ ನೀವು ನಂಬಲಿಕ್ಕಿಲ್ಲ. ಬಂತು. ಅವನಿಗೂ ನನಗೂ ಏನು ವ್ಯತ್ಯಾಸ? ನಾನೂ ಪೂಜೆ ಮುಗಿಸಿಯೇ ಬೆತ್ತ ಹಿಡಿಯುತ್ತಿದ್ದೆ.

ಎಷ್ಟು ಹೊತ್ತು ಬಿದ್ದಿದ್ದೆನೋ. ಕಣ್ಣು ಬಿಟ್ಟರೆ ಪರಸಪ್ಪ, ಅಂಗಡಿಗೆ ಹೊರಟವರು, ಬೈಕು ನಿಲ್ಲಿಸಿ ನನ್ನ ಮೇಲೆ ಬಾಗಿದ್ದರು. ಕಂಕುಳಲ್ಲಿ ಕೈ ಹಾಕುವ ಮುಂಚೆ ತಡೆದು, “ಮುಟ್ಟತೇನ್ರಿ ಸರ. ನಡೀತೈತೇನ್ರಿ?” ಎಂದರು. ನಾನು ಅವರ ಕೈ ಹಿಡಿದುಕೊಂಡೆ.

“ನಿಮ್ಮ ಮ್ಯಾಲಿನ ಕರುಣಾ ಅಲ್ರಿ ಇದು,” ಎಂದರು ಎತ್ತುತ್ತ. ಅವರು ಹಲ್ಲು ಕಚ್ಚಿದ್ದರು. “ನನ್ನ ಮಗಳ ಕಡೆ ಸಾಕ್ಷಿ ಹೇಳೂ ಬಾಯಿ ಊರಾಗ ಇದೊಂದ ಐತಿ. ಅದು ಸಾಯಬಾರ್ದು.”

ಬಾಯಿ ಸಾಯಲಿಲ್ಲ. ಯಲ್ಲವ್ವನಿಗೆ ಕೆಲಸ ಮರಳಿ ಸಿಕ್ಕಿತು. ಕೇಸು ಇನ್ನೂ ನಡೆದಿದೆ, ಕರೆದಾಗಲೆಲ್ಲ ಹೋಗಿ ಕಂಡದ್ದನ್ನು ಹೇಳಿ ಬರುತ್ತೇನೆ. ನನ್ನ ಮೇಲೂ ವಿಚಾರಣೆಯಾಗಿ ರಾಮದುರ್ಗ ತಾಲೂಕಿಗೆ ಎತ್ತಿ ಹಾಕಿದರು. ಅಲ್ಲಿ ಬಿಸಿಯೂಟದ ಉಸ್ತುವಾರಿಯನ್ನು ಕೇಳಿ ಪಡೆದೆ. ತತ್ತಿಯನ್ನು ಈ ಸೊಟ್ಟ ಬೆರಳಿನಿಂದಲೇ ಸುಲಿದು ತಟ್ಟೆಗೆ ಹಾಕುತ್ತೇನೆ. ತಿನ್ನುವುದಿಲ್ಲ, ಅದು ನನ್ನ ಮನೆಯ ಮಾತು. ಸುಲಿಯುತ್ತೇನೆ, ಅದು ನನ್ನ ನೌಕರಿ. ಲಿಂಗ ಅಂಗಿಯ ಒಳಗಿದೆ, ಹೊಸ ದಾರದಲ್ಲಿ. ಸುಜಾತಾ ಈ ವರ್ಷ ಹತ್ತನೆಯ ತರಗತಿ, ಸವದತ್ತಿಯಲ್ಲಿ. ನಡೆಯುತ್ತಾಳಂತೆ. ಓಡುವುದಿಲ್ಲವಂತೆ.

ಕಳೆದ ವಾರ ಸಹಿಗೆ ಹೋದಾಗ ಹೊಸ ಹೆಡ್‌ಮಾಸ್ತರರು ಊಟ ಮುಗಿಯಲಿ ಎಂದು ಕೂರಿಸಿದರು. ನಾನು ವರಾಂಡಕ್ಕೆ ಬಂದೆ. ಎರಡನೆಯ, ಮೂರನೆಯ ತರಗತಿಯ ಕೂಸುಗಳು, ಆಗ ಶಾಲೆಯ ಮುಖವನ್ನೂ ನೋಡಿರದವು, ಸಾಲಾಗಿ ಕುಳಿತಿದ್ದವು. ಎಡಕ್ಕೆ ಬಾಳೆಹಣ್ಣು, ಬಲಕ್ಕೆ ತತ್ತಿ. ನಡುವೆ ಎರಡು ಮೊಳ ಕಲ್ಲುಹಾಸು ಖಾಲಿ. ಜಾಗ ಸಾಲದೆ ಬಲಗಡೆಯ ಒಬ್ಬಳು ಪುಟ್ಟ ಹುಡುಗಿ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ ತಟ್ಟೆ ಇಟ್ಟುಕೊಂಡಿದ್ದಳು.

“ಅಲ್ಲಿ ಯಾಕ ಕುಂತಿ ಅವ್ವಿ? ಇಲ್ಲಿ ನಡುವ ಜಾಗಾ ಐತೆಲ್ಲ, ಬಾ.”

ಅವಳು ತಲೆ ಅಲ್ಲಾಡಿಸಿದಳು. “ಅಲ್ಲಿ ಕುಂದ್ರಬಾರ್ದ್ರಿ. ಸರ ಹೊಡೀತಾರ್ರಿ.”

“ಯಾವ ಸರ?”

“ಗೊತ್ತಿಲ್ರಿ. ಒಬ್ರು ಇದ್ರಂತ್ರಿ.”

ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಯಲ್ಲವ್ವ ನನ್ನನ್ನು ನೋಡಿದರು. ಗುರುತು ಹಿಡಿದರು. ನಾನು ಚಪ್ಪಲಿ ಬಿಟ್ಟು ಆ ಖಾಲಿ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ. ಎರಡೂ ಕಡೆಯ ಮಕ್ಕಳು ತಟ್ಟೆ ಎಳೆದುಕೊಂಡು ಇನ್ನಷ್ಟು ದೂರ ಸರಿದರು.

“ಆ ಸರ ನಾನ ಅದೇನಿ ಅವ್ವಿ,” ಎಂದೆ. “ಇನ್ನ ಹೊಡ್ಯಾಂಗಿಲ್ಲ. ಬಾ, ಕುಂದರ ಬಾ.”

ಹುಡುಗಿ ನನ್ನ ಮುಖ ನೋಡಿದಳು. ನನ್ನ ಎರಡೂ ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ, ತೋರಿಸಿದೆ. ಅವಳು ಬರಲಿಲ್ಲ.